ಜಗದ ಬೆನ್ನೆಲುಬಿನ ಮೇಲೆ ಕರಗುವ ಹಿಮ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರದಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಫಲಕವಿತ್ತು. 2020ರ ಹೊತ್ತಿಗೆ ಇಲ್ಲಿನ ಹಿಮನದಿಗಳೆಲ್ಲ ಕಣ್ಮರೆಯಾಗುತ್ತವೆ ಎಂದು ಅದು ಹೇಳುತ್ತಿತ್ತು. ನೋಡುವುದಿದ್ದರೆ ಈಗಲೇ ನೋಡಬೇಕು ಎಂಬ ಆತುರದಿಂದ ಜನ ದೂರದೂರದಿಂದ ಬಂದರು. 2020 ಬಂದಾಗ ಹಿಮನದಿಗಳು ಇನ್ನೂ ಇದ್ದವು. ಬದಲಾಯಿಸಬೇಕಾಗಿ ಬಂದದ್ದು ಫಲಕವನ್ನು. ಭೂಮಿ ಬಿಸಿಯಾಗುತ್ತಿದೆ ಎಂಬುದೇ ಕಟ್ಟುಕಥೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಾಗಿರಲಿಲ್ಲ. ಅಮೆರಿಕದಲ್ಲಿ ಅದರ ಬಗ್ಗೆ ಸಾಕಷ್ಟು ನಗೆಯಾಟವೂ ನಡೆಯಿತು.

ಆ ಇಸವಿ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ನಗೆ ಸ್ವಲ್ಪ ಕಡಿಮೆಯಾಗಬಹುದು. ಉದ್ಯಾನದ ಒಂದು ಕಣಿವೆಯ ಹಿಮನದಿಗಳನ್ನು ಆಧಾರವಾಗಿಟ್ಟುಕೊಂಡು ವಿಜ್ಞಾನಿಗಳು ಕಂಪ್ಯೂಟರ್ ನೆರವಿನಿಂದ ಮಾಡಿದ ಲೆಕ್ಕವೊಂದು 2003ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2030ರ ಹೊತ್ತಿಗೆ ಆ ಹಿಮನದಿಗಳು ಇಲ್ಲವಾಗಬೇಕಿತ್ತು. ಆಮೇಲಿನ ವರ್ಷಗಳಲ್ಲಿ ಹಿಮ ಲೆಕ್ಕಕ್ಕಿಂತಲೂ ಬೇಗ ಕರಗುತ್ತಿರುವುದು ಕಂಡಿತು. ಅಂದಾಜನ್ನು ಹತ್ತು ವರ್ಷ ಹಿಂದಕ್ಕೆ ತಂದರು. ಅದನ್ನೇ ಫಲಕದಲ್ಲಿ ಬರೆಸಿದರು. ಬಳಿಕ ಕೆಲವು ಚಳಿಗಾಲಗಳಲ್ಲಿ ಹಿಮ ಧಾರಾಳವಾಗಿ ಬಿದ್ದು ಕರಗುವ ವೇಗ ತುಸು ತಗ್ಗಿತು. ತಪ್ಪಿದ್ದು ಇಸವಿ. ಹಿಮನದಿಗಳು ಕುಗ್ಗುತ್ತಿವೆ ಎಂಬ ಮಾತು ತಪ್ಪಲಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1966ರಿಂದ 2015ರವರೆಗಿನ ಚಿತ್ರಗಳನ್ನು ಹೋಲಿಸಿ ಅಳತೆ ಮಾಡಿದಾಗ, ಹೆಸರಿರುವ ಪ್ರತಿಯೊಂದು ಹಿಮನದಿಯೂ ಚಿಕ್ಕದಾಗಿತ್ತು. ಸರಾಸರಿ ನಷ್ಟ ಶೇಕಡಾ 39. ಕೆಲವು ಹಿಮನದಿಗಳು ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಕಳೆದುಕೊಂಡಿದ್ದವು. ಈಗಿನ ಫಲಕ ಇಸವಿ ಹೇಳುವುದಿಲ್ಲ. ಹಿಮನದಿಗಳು ಎಂದು ಮರೆಯಾಗುತ್ತವೆ ಎಂಬುದು ಮನುಷ್ಯರು ಏನು ಮಾಡುತ್ತಾರೆ, ಯಾವಾಗ ಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ ಎಂಬ ಅರ್ಥದ ಮಾತು ಅಲ್ಲಿದೆ.

ಹಿಮನದಿ ಎಂದರೆ ಬರಿಯ ಹಿಮದ ರಾಶಿಯಲ್ಲ. ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗದೆ ಉಳಿದು, ಅದರ ಮೇಲೆ ಮರುವರ್ಷದ ಹಿಮ ಬಿದ್ದು, ಹೀಗೆ ವರ್ಷಾನುವರ್ಷ ಪದರ ಪದರವಾಗಿ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗಬೇಕು. ಅದರ ದಪ್ಪ ಸುಮಾರು 100 ಅಡಿ ಮುಟ್ಟಿದಾಗ ತನ್ನ ಭಾರಕ್ಕೆ ತಾನೇ ಮಣಿದು ಇಳಿಜಾರಿನಲ್ಲಿ ಮೆಲ್ಲನೆ ಹರಿಯತೊಡಗುತ್ತದೆ. ಹರಿಯುವುದರಿಂದಲೇ ಅದು ನದಿ. ಚಿಕ್ಕದಾದಂತೆ ಆ ಚಲನೆ ನಿಲ್ಲುತ್ತದೆ. ಉಳಿಯುವುದು ಜಡವಾದ ಮಂಜುಗಡ್ಡೆಯ ತುಂಡು ಮಾತ್ರ. ಹೀಗೆ ನಿಲ್ಲುವ ಗಡಿಯನ್ನು ಸುಮಾರು 25 ಎಕರೆ ಎಂದು ಇಟ್ಟುಕೊಂಡಿದ್ದಾರೆ. 1850ರ ಸುಮಾರಿಗೆ ಈ ಬೆಟ್ಟಗಳಲ್ಲಿ 150ರಷ್ಟು ಹಿಮನದಿಗಳಿದ್ದವು ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಅಂದಾಜು. 2015ರಲ್ಲಿ ಆ 25 ಎಕರೆಯ ಅಳತೆಗೆ ನಿಂತವು 26.

ಹಿಮನದಿಯ ಹೆಸರನ್ನೇ ಇಟ್ಟುಕೊಂಡ ಈ ಉದ್ಯಾನ ಕೆನಡಾದ ಗಡಿಗೆ ತಾಗಿಕೊಂಡು ರಾಕಿ ಪರ್ವತಶ್ರೇಣಿಯಲ್ಲಿದೆ. ವಿಸ್ತೀರ್ಣ ಸುಮಾರು 4,100 ಚದರ ಕಿ.ಮೀ.; ಹೆಚ್ಚು ಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ವರ್ಷಕ್ಕೆ ಸುಮಾರು 30 ಲಕ್ಷ ಜನ ಇಲ್ಲಿಗೆ ಬರುತ್ತಾರೆ. ಸಿಯಾಟಲ್‌ನಂಥ ಊರುಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋದ ಕನ್ನಡದ ಅಪ್ಪ ಅಮ್ಮಂದಿರೂ ಬೇಸಿಗೆಯ ರಜೆಯಲ್ಲಿ ಈ ಕಡೆ ಕಾರು ಹತ್ತುವುದುಂಟು. ಬಂದವರಲ್ಲಿ ಹೆಚ್ಚಿನವರು ಇದನ್ನು ಮನುಷ್ಯನ ಕೈ ಸೋಕದ ನಿಸರ್ಗ ಎಂದು ಭಾವಿಸಿ ನೋಡಿ ಹೋಗುತ್ತಾರೆ. ಅಲ್ಲಿನ ಜಾಹೀರಾತುಗಳು ಹೇಳುವುದೂ ಅದನ್ನೇ. ವಾಸ್ತವವಾಗಿ ಈ ನೆಲದ ಹಿಂದೆ ಒಂದು ಕ್ರಯಪತ್ರವಿದೆ, ಒಂದು ರೈಲ್ವೆ ಕಂಪನಿಯ ಲೆಕ್ಕಾಚಾರವಿದೆ.

ಕಲ್ಲು ಕೆತ್ತಿದ ಹಿಮ

ಮೊದಲು ನೆಲದ ಮಾತು. ಇಲ್ಲಿಗೆ ಬಂದವರು ಸಾಮಾನ್ಯವಾಗಿ ಎರಡು ಬಗೆಯ ಹಿಮನದಿಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಈ ಬೆಟ್ಟಗಳಿಗೆ ಈಗಿನ ರೂಪ ಕೊಟ್ಟದ್ದು ಹಿಮಯುಗದ ಭಾರೀ ಹಿಮನದಿಗಳು. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಕಣಿವೆಗಳನ್ನು ತುಂಬಿಕೊಂಡು, ಅತಿ ಎತ್ತರದ ಶಿಖರಗಳು ಮಾತ್ರ ನಡುಗಡ್ಡೆಗಳಂತೆ ಮೇಲೆ ಕಾಣುತ್ತಿದ್ದ ಕಾಲ ಅದು. ಸುಮಾರು 12,000 ವರ್ಷಗಳ ಹಿಂದೆ ಅವು ಕರಗಿ ಹೋದವು. ಹೊಳೆ ಕೊರೆದ ಕಣಿವೆ ಕೆಳಗೆ ಚೂಪಾಗಿರುತ್ತದೆ. ಹಿಮನದಿ ಕೊರೆದದ್ದು ಬಾಣಲೆಯ ಹಾಗೆ ದುಂಡಗೆ, ಅಗಲವಾಗಿರುತ್ತದೆ. ಇಲ್ಲಿನ ಕಣಿವೆಗಳೆಲ್ಲ ಎರಡನೆಯ ಬಗೆಯವು. ಬೆಟ್ಟದ ಎರಡೂ ಮಗ್ಗುಲನ್ನು ಹಿಮನದಿಗಳು ತಿಂದು ನಡುವೆ ಗರಗಸದಂಥ ತೆಳ್ಳನೆಯ ಕಲ್ಲಿನ ಗೋಡೆ ಉಳಿದಿರುವ ಕಡೆಗೆ ಗಾರ್ಡನ್ ವಾಲ್ ಎಂದು ಹೆಸರು. ಉದ್ಯಾನದ ಅತಿ ದೊಡ್ಡ ಸರೋವರವಾದ ಮ್ಯಾಕ್‌ಡೊನಾಲ್ಡ್ ಸುಮಾರು 16 ಕಿ.ಮೀ. ಉದ್ದವಿದೆ, ಅದರ ತಗ್ಗನ್ನು ತೋಡಿದ್ದೂ ಆ ಹಳೆಯ ಹಿಮವೇ. ಈಗ ಎತ್ತರದ ನೆರಳಿನ ಮೂಲೆಗಳಲ್ಲಿ ಉಳಿದಿರುವ ಹಿಮನದಿಗಳು ಆ ಭಾರೀ ಹಿಮನದಿಗಳ ಉಳಿಕೆಯಲ್ಲ. ಅವು ಕೆಲವೇ ಸಾವಿರ ವರ್ಷಗಳಿಂದ ಈಚಿನವು. ಯುರೋಪ್, ಅಮೆರಿಕಗಳಲ್ಲಿ ಕೆಲವು ಶತಮಾನಗಳ ಕಾಲ ಚಳಿ ಹೆಚ್ಚಿದ್ದಾಗ ಬೆಳೆದು 1850ರ ಸುಮಾರಿಗೆ ತುತ್ತತುದಿಗೆ ಮುಟ್ಟಿ, ಅಲ್ಲಿಂದ ಇಳಿಮುಖವಾದವು. ಮೊದಮೊದಲು ಇಳಿದದ್ದರಲ್ಲಿ ನಿಸರ್ಗದ ಏರುಪೇರಿನ ಪಾಲೂ ಇತ್ತು. ಕಳೆದ ಕೆಲವು ದಶಕಗಳ ಇಳಿಕೆಯಲ್ಲಿ ಮನುಷ್ಯ ಸುಟ್ಟ ಕಲ್ಲಿದ್ದಲು ಮತ್ತು ತೈಲದ ಪಾಲು ದೊಡ್ಡದು.

ಕಲ್ಲಿನ ಕಥೆ ಇನ್ನೂ ಹಳೆಯದು. ಇಲ್ಲಿನ ಬಂಡೆಗಳು ಸುಮಾರು 140-150 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು. ಗಾಳಿ ತಾಗುವಷ್ಟು ಆಳವಿಲ್ಲದ ನೀರಿನಲ್ಲಿ ಕೂತ ಕೆಸರಿನಲ್ಲಿ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪು ಕಲ್ಲಾಯಿತು. ಆಳದಲ್ಲಿ ಕೂತದ್ದು ಹಸಿರಾಗಿಯೇ ಉಳಿಯಿತು. ಮ್ಯಾಕ್‌ಡೊನಾಲ್ಡ್ ಸರೋವರದ ತಿಳಿನೀರಿನ ಅಡಿಯಲ್ಲಿ ಕೆಂಪು, ಹಸಿರು, ಊದಾ ಬಣ್ಣದ ನುಣ್ಣನೆಯ ಕಲ್ಲುಗಳು ಹರಡಿಕೊಂಡಿರುವುದು ಇದರಿಂದಲೇ. ಕೆಲವು ಬಂಡೆಗಳಲ್ಲಿ ಎಲೆಕೋಸನ್ನು ಅಡ್ಡಕ್ಕೆ ಹೆಚ್ಚಿದಂತೆ ಕಾಣುವ ಸುರುಳಿಗಳಿವೆ. ಪ್ರಾಣಿಗಳು, ಗಿಡಮರಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು ಬದುಕಿದ್ದ ಸೂಕ್ಷ್ಮಜೀವಿಗಳ ಗುರುತು ಅವು. ಆಮೇಲೆ ಭೂಮಿಯ ಒಳಗಿನ ಒತ್ತಡಕ್ಕೆ ಈ ಹಳೆಯ ಕಲ್ಲಿನ ಹಾಸು ಪೂರ್ವಕ್ಕೆ ಸುಮಾರು 80 ಕಿ.ಮೀ. ಜರುಗಿ, ಸುಮಾರು ಏಳು ಕೋಟಿ ವರ್ಷದ ಎಳೆಯ ಕಲ್ಲಿನ ಮೇಲೆ ಬಂದು ಕೂತಿತು. ಕೆಳಗಿರಬೇಕಾದ ಅಜ್ಜ ಮೊಮ್ಮಗನ ಹೆಗಲೇರಿದ ಹಾಗೆ. ಪೂರ್ವದ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಚೀಫ್ ಮೌಂಟನ್ ಎಂಬ ಬೆಟ್ಟ ಆ ಹಾಸಿನಿಂದ ಬೇರ್ಪಟ್ಟ ತುಂಡು. ಪೂರ್ವದ ಹುಲ್ಲುಗಾವಲಿನಲ್ಲಿ ಬಹಳ ದೂರದಿಂದಲೇ ಅದು ಕಣ್ಣಿಗೆ ಬೀಳುತ್ತದೆ.

ತಲೆ ಕೊಯ್ದ ಮಾತು

ಆ ಹುಲ್ಲುಗಾವಲಿನ ಒಡೆಯರು ಬ್ಲ್ಯಾಕ್‌ಫೀಟ್ ಜನ. ಈ ಪರ್ವತಗಳಿಗೆ ಅವರ ಭಾಷೆಯಲ್ಲಿರುವ ಹೆಸರಿಗೆ ಜಗದ ಬೆನ್ನೆಲುಬು ಎಂದು ಅರ್ಥ. ಚೀಫ್ ಮೌಂಟನ್ ಅವರಿಗೆ ಪವಿತ್ರ. ಉಪವಾಸವಿದ್ದು ಕನಸಿನ ದರ್ಶನಕ್ಕಾಗಿ ಕಾಯಲು ಅವರ ಯುವಕರು ಹೋಗುತ್ತಿದ್ದದ್ದು ಅಂಥ ಶಿಖರಗಳಿಗೆ. ಪಶ್ಚಿಮದ ಮಗ್ಗುಲಲ್ಲಿ ಕೂಟನೈ, ಸೇಲಿಶ್ ಜನರಿದ್ದರು. ಬೇಟೆಗೆಂದು ಅವರೂ ಘಟ್ಟ ದಾಟಿ ಬರುತ್ತಿದ್ದರು.

ಬ್ಲ್ಯಾಕ್‌ಫೀಟರ ಬದುಕು ನಿಂತಿದ್ದುದು ಬೈಸನ್ ಎಂಬ ಪ್ರಾಣಿಯ ಮೇಲೆ. ನಮ್ಮ ಮಲೆನಾಡಿನ ಕಾಟಿಯನ್ನೂ ಇಂಗ್ಲಿಷಿನಲ್ಲಿ ಬೈಸನ್ ಎಂದು ಕರೆಯುವ ರೂಢಿಯಿದೆ. ಆದರೆ ಇದು ಬೇರೆ, ಅದು ಬೇರೆ. ಅಮೆರಿಕದ ಬೈಸನ್ ಬಯಲಿನ ಪ್ರಾಣಿ, ಹೆಗಲ ಮೇಲೆ ಕಂಬಳಿ ಹೊದ್ದಂತೆ ದಟ್ಟ ಕೂದಲಿರುವಂಥದು. ಅದರ ಮಾಂಸ ಊಟ, ತೊಗಲು ಮನೆ, ಎಲುಬು ಉಪಕರಣ. 19ನೇ ಶತಮಾನದ ಕೊನೆಯ ಭಾಗದಲ್ಲಿ ತೊಗಲಿನ ವ್ಯಾಪಾರಕ್ಕಾಗಿ ಬೇಟೆಗಾರರು ಅವನ್ನು ಲಕ್ಷಲಕ್ಷ ಸಂಖ್ಯೆಯಲ್ಲಿ ಕೊಂದರು. ಹಿಂಡುಗಳು ಮುಗಿದು ಹೋದವು. ಮೀಸಲು ಪ್ರದೇಶದಲ್ಲಿ ಸರ್ಕಾರ ಕೊಡಬೇಕಾದ ಪಡಿತರ ಸಾಲದಾಯಿತು. 1883-84ರ ಚಳಿಗಾಲದಲ್ಲಿ ಬ್ಲ್ಯಾಕ್‌ಫೀಟರಲ್ಲಿ ನೂರಾರು ಜನ ಹಸಿವಿನಿಂದ ಸತ್ತರು. ಹಸಿವಿನ ಚಳಿಗಾಲ ಎಂದೇ ಅವರು ಅದನ್ನು ನೆನೆಯುವುದು.

ಹನ್ನೆರಡು ವರ್ಷಗಳ ಬಳಿಕ, 1895ರಲ್ಲಿ, ಅದೇ ಜನರೆದುರು ಸರ್ಕಾರದ ಮೂವರು ಆಯುಕ್ತರು ಬಂದು ಕೂತರು. ಬೆಟ್ಟಗಳಲ್ಲಿ ತಾಮ್ರ, ಚಿನ್ನ ಇದೆಯೆಂಬ ಸುದ್ದಿ ಹಬ್ಬಿತ್ತು. ಬೆಟ್ಟದ ಭಾಗವನ್ನು ಮಾರಿಬಿಡಿ ಎಂಬುದು ಸರ್ಕಾರದ ಬೇಡಿಕೆ. ಬ್ಲ್ಯಾಕ್‌ಫೀಟರು 30 ಲಕ್ಷ ಡಾಲರ್ ಕೇಳಿದರು. ಕೊನೆಗೆ ಸುಮಾರು ಎಂಟು ಲಕ್ಷ ಎಕರೆಗೆ 15 ಲಕ್ಷ ಡಾಲರ್ ಎಂದು ತೀರ್ಮಾನವಾಯಿತು. ಮಾತುಕತೆಯಲ್ಲಿ ಅವರ ಮುಖಂಡ ವೈಟ್ ಕಾಫ್, ಚೀಫ್ ಮೌಂಟನ್ ತನ್ನ ತಲೆಯೆಂದೂ ಈಗ ಆ ತಲೆ ಕತ್ತರಿಸಿದಂತಾಯಿತೆಂದೂ ಹೇಳಿದ್ದು ದಾಖಲಾಗಿದೆ. ಆ ಮೂವರು ಆಯುಕ್ತರಲ್ಲಿ ಒಬ್ಬ ಜಾರ್ಜ್ ಬರ್ಡ್ ಗ್ರಿನೆಲ್. ನ್ಯೂಯಾರ್ಕಿನ ಪತ್ರಿಕಾ ಸಂಪಾದಕ, ಬೈಸನ್ ಹಿಂಡುಗಳ ಉಳಿವಿಗಾಗಿ ಬರೆದವನು, 1885ರಿಂದ ಈ ಬೆಟ್ಟಗಳಿಗೆ ಬಂದು ಹೋಗುತ್ತಿದ್ದವನು. ಬ್ಲ್ಯಾಕ್‌ಫೀಟರಿಗೆ ಅವನ ಮೇಲೆ ನಂಬಿಕೆಯಿತ್ತು; ಮಾತುಕತೆಗೆ ಅವನು ಬೇಕೆಂದು ಅವರೇ ಬಯಸಿದ್ದರು. ಹಸಿದ ಜನರಿಗೆ ಹಣ ಬೇಕಾಗಿದೆ, ಮಾರದಿದ್ದರೂ ಗಣಿಗಾರರು ನುಗ್ಗುತ್ತಾರೆ ಎಂಬುದು ಅವನ ವಾದವಾಗಿದ್ದಿರಬೇಕು. ಅವನನ್ನು ವಂಚಕ ಎಂದು ತಳ್ಳಿಹಾಕುವುದು ಸುಲಭವಲ್ಲ, ಆಪದ್ಬಾಂಧವ ಎಂದು ಹೊಗಳುವುದೂ ಕಷ್ಟ. ಇಂದು ಪ್ರವಾಸಿಗರು ಅತಿ ಹೆಚ್ಚಾಗಿ ನಡೆದು ಹೋಗಿ ನೋಡುವ ಹಿಮನದಿಗೆ ಅವನದೇ ಹೆಸರಿದೆ.

ಬಂದ ಗಣಿಗಾರರಿಗೆ ಹೇಳಿಕೊಳ್ಳುವಂಥ ತಾಮ್ರವೂ ಸಿಗಲಿಲ್ಲ, ಚಿನ್ನವೂ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಗಣಿಯ ಊರು ಖಾಲಿಯಾಯಿತು. ಗ್ರಿನೆಲ್ ಮತ್ತು ಇತರರ ಒತ್ತಾಯದಿಂದ 1910ರ ಮೇ 11ರಂದು ಅಧ್ಯಕ್ಷ ಟಾಫ್ಟ್ ಸಹಿ ಹಾಕಿ ಇದು ರಾಷ್ಟ್ರೀಯ ಉದ್ಯಾನವಾಯಿತು. 1895ರ ಒಪ್ಪಂದದಲ್ಲಿ ಒಂದು ವಾಕ್ಯವಿತ್ತು: ಈ ನೆಲ ಸರ್ಕಾರದ ಸಾರ್ವಜನಿಕ ಭೂಮಿಯಾಗಿ ಇರುವಷ್ಟು ಕಾಲ ಬ್ಲ್ಯಾಕ್‌ಫೀಟರು ಅಲ್ಲಿ ಓಡಾಡಬಹುದು, ಮರ ಕಡಿಯಬಹುದು, ಬೇಟೆಯಾಡಬಹುದು, ಮೀನು ಹಿಡಿಯಬಹುದು. ರಾಷ್ಟ್ರೀಯ ಉದ್ಯಾನವಾದ ಮೇಲೆ ಅದು ಆ ಅರ್ಥದ ಸಾರ್ವಜನಿಕ ಭೂಮಿಯಲ್ಲ, ಆದ್ದರಿಂದ ಹಕ್ಕೂ ಮುಗಿಯಿತು ಎಂಬುದು ಸರ್ಕಾರದ ವಾದ. ನೆಲ ಸರ್ಕಾರದ್ದೇ, ಜನ ಅವರೇ, ಬೆಟ್ಟವೂ ಅದೇ. ಕಾನೂನಿನ ಪದವೊಂದರ ಅರ್ಥ ಬದಲಾಗಿತ್ತು ಅಷ್ಟೆ. 1930ರ ದಶಕದಲ್ಲಿ ನ್ಯಾಯಾಲಯವೂ ಸರ್ಕಾರದ ಕಡೆಗೇ ನಿಂತಿತು. ಬ್ಲ್ಯಾಕ್‌ಫೀಟರು ಅದನ್ನು ಮನಸಾರೆ ಒಪ್ಪಿದ್ದಿಲ್ಲ. ಅವರು ಪ್ರವೇಶ ಶುಲ್ಕ ಕೊಡದೆ ಉದ್ಯಾನದೊಳಗೆ ಹೋಗಬಹುದು ಎಂಬಷ್ಟನ್ನು 1974ರಲ್ಲಿ ಇನ್ನೊಂದು ನ್ಯಾಯಾಲಯ ಎತ್ತಿಹಿಡಿಯಿತು.

ರೈಲು ತಂದ ಉದ್ಯಾನ

ಉದ್ಯಾನವನ್ನು ನಿಜವಾಗಿ ಕಟ್ಟಿದ್ದು ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿ. ಉದ್ಯಾನದ ದಕ್ಷಿಣದ ಅಂಚಿನಲ್ಲಿರುವ ಮರಾಯಸ್ ಘಟ್ಟವನ್ನು ಅದರ ಹಳಿ 1891ರಲ್ಲಿ ದಾಟಿತ್ತು. ಆ ಜನವಿರಳ ಪ್ರದೇಶದಲ್ಲಿ ಪ್ರಯಾಣಿಕರನ್ನು ಹುಟ್ಟಿಸಬೇಕಿತ್ತು. ಹಣವಂತ ಅಮೆರಿಕನ್ನರು ಆಗ ಬೇಸಿಗೆ ಕಳೆಯಲು ಸ್ವಿಟ್ಜರ್ಲೆಂಡಿಗೆ ಹೋಗುತ್ತಿದ್ದರು. ಕಂಪನಿಯ ಮುಖ್ಯಸ್ಥ ಲೂಯಿ ಹಿಲ್, ಮೊದಲು ಅಮೆರಿಕ ನೋಡಿ ಎಂಬ ಘೋಷಣೆಯೊಂದಿಗೆ ಇಲ್ಲಿ ಸ್ವಿಸ್ ಮಾದರಿಯ ವಸತಿಗೃಹಗಳನ್ನು ಕಟ್ಟಿಸಿದ. 1913ರಲ್ಲಿ ಗ್ಲೇಸಿಯರ್ ಪಾರ್ಕ್ ಲಾಡ್ಜ್ ಎದ್ದಿತು. ಅದರ ಹಜಾರದಲ್ಲಿ ತೊಗಟೆ ಸಮೇತ ನಿಲ್ಲಿಸಿರುವ, 40 ಅಡಿ ಎತ್ತರದ ಮರದ ಕಂಬಗಳನ್ನು ಇಂದಿಗೂ ನೋಡಬಹುದು. 1915ರಲ್ಲಿ ಮೆನಿ ಗ್ಲೇಸಿಯರ್ ಹೋಟೆಲ್ ಸಿದ್ಧವಾಯಿತು. ಬೆಟ್ಟದ ಮೇಲೆ ಒಂದು ದಿನದ ಕುದುರೆ ಸವಾರಿಗೊಂದರಂತೆ ಕಲ್ಲಿನ ತಂಗುಮನೆಗಳು ಎದ್ದವು. ಅವುಗಳಲ್ಲಿ ಸ್ಪೆರಿ ಎಂಬುದು 2017ರ ಕಾಡ್ಗಿಚ್ಚಿನಲ್ಲಿ ಸುಟ್ಟು, ಗೋಡೆಗಳು ಮಾತ್ರ ಉಳಿದು, ಮತ್ತೆ ಕಟ್ಟಿಸಿಕೊಂಡು 2020ರಲ್ಲಿ ಬಾಗಿಲು ತೆರೆಯಿತು.

ಸ್ವಿಟ್ಜರ್ಲೆಂಡಿನಲ್ಲಿ ಇಲ್ಲದ್ದೊಂದು ಇಲ್ಲಿ ಬೇಕಿತ್ತು. ಅದಕ್ಕೆ ಬ್ಲ್ಯಾಕ್‌ಫೀಟರು ಒದಗಿದರು. ರೈಲು ನಿಲ್ದಾಣದಲ್ಲಿ ಗರಿಯ ಕಿರೀಟ ತೊಟ್ಟು ಪ್ರವಾಸಿಗರನ್ನು ಎದುರುಗೊಳ್ಳುವುದು, ಹೋಟೆಲಿನ ಅಂಗಳದಲ್ಲಿ ಟೀಪಿ ಎಂಬ ತಮ್ಮ ಗುಡಾರಗಳನ್ನು ಹೂಡಿ ಕುಣಿಯುವುದು ಅವರ ಕೆಲಸವಾಯಿತು. ಕಂಪನಿ ಅವರನ್ನು ಗ್ಲೇಸಿಯರ್ ಪಾರ್ಕಿನ ಇಂಡಿಯನ್ನರು ಎಂದು ಪ್ರಚಾರ ಮಾಡಿತು. ಕೆಲವರನ್ನು ನ್ಯೂಯಾರ್ಕಿಗೆ ಕರೆದೊಯ್ದು ಹೋಟೆಲೊಂದರ ಮಾಳಿಗೆಯ ಮೇಲೆ ಗುಡಾರ ಹಾಕಿಸಿದ್ದೂ ಉಂಟು. ಜರ್ಮನಿಯಲ್ಲಿ ಹುಟ್ಟಿದ ವಿನೋಲ್ಡ್ ರೈಸ್ ಎಂಬ ಚಿತ್ರಕಾರ ಬರೆದ ಬ್ಲ್ಯಾಕ್‌ಫೀಟರ ಚಿತ್ರಗಳು ಕಂಪನಿಯ ಕ್ಯಾಲೆಂಡರುಗಳಾಗಿ ಅಮೆರಿಕದ ಮನೆಮನೆಯ ಗೋಡೆ ಸೇರಿದವು. ಚಿತ್ರಗಳು ಚೆನ್ನಾಗಿವೆ, ಅವುಗಳಲ್ಲಿರುವ ಮುಖಗಳಿಗೆ ಘನತೆಯಿದೆ. ಆದರೆ ಬೆಟ್ಟದಲ್ಲಿ ಒಂದು ಜಿಂಕೆ ಹೊಡೆದರೆ ಅಪರಾಧಿಯಾಗುತ್ತಿದ್ದವನು ಅದೇ ಬೆಟ್ಟದ ಜಾಹೀರಾತಿಗೆ ಮುಖವಾಗಿದ್ದ ಎಂಬುದನ್ನು ಕ್ಯಾಲೆಂಡರು ಹೇಳುತ್ತಿರಲಿಲ್ಲ. ಕೂಲಿ ಸಿಕ್ಕಿತು, ಸರ್ಕಾರ ಬೇರೆಡೆ ಹತ್ತಿಕ್ಕಲು ನೋಡುತ್ತಿದ್ದ ಹಾಡು ಕುಣಿತಗಳು ಅಂಗಳದಲ್ಲಾದರೂ ಉಳಿದವು ಎಂಬುದೂ ನಿಜ.

ಕಾರುಗಳ ಕಾಲ ಬಂದಾಗ ಕುದುರೆ ಸವಾರಿ ಹಿಂದೆ ಬಿತ್ತು. ಪರ್ವತವನ್ನು ಪೂರ್ವ ಪಶ್ಚಿಮವಾಗಿ ಸೀಳಿ ಹೋಗುವ, ಸೂರ್ಯನೆಡೆಗೆ ಹೋಗುವ ದಾರಿ ಎಂಬ ಚೆಂದದ ಅರ್ಥದ ಗೋಯಿಂಗ್-ಟು-ದ-ಸನ್ ರಸ್ತೆ 1933ರ ಜುಲೈ 15ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 80 ಕಿ.ಮೀ. ಮೊದಲ ನಕ್ಷೆಯಲ್ಲಿ ಹದಿನೈದು ಹೇರ್‌ಪಿನ್ ತಿರುವುಗಳಿದ್ದವು. ಟಾಮಸ್ ವಿಂಟ್ ಎಂಬ ವಿನ್ಯಾಸಕಾರ, ಅಷ್ಟು ತಿರುವು ಹಾಕಿದರೆ ಕಣಿವೆಯೇ ಹಾಳಾಗುತ್ತದೆ ಎಂದು ವಾದಿಸಿ, ಗಾರ್ಡನ್ ವಾಲ್ ಗೋಡೆಯ ಮಗ್ಗುಲನ್ನೇ ಕಡಿದು ಒಂದೇ ದೊಡ್ಡ ತಿರುವಿನ ದಾರಿಯನ್ನು ಸೂಚಿಸಿದ. ಖರ್ಚು ಹೆಚ್ಚಾದರೂ ಅದನ್ನೇ ಒಪ್ಪಿದರು. ಇಂದು ದೂರದಿಂದ ನೋಡಿದರೆ ಆ ಅಗಾಧ ಗೋಡೆಯ ಮೇಲೆ ರಸ್ತೆ ಒಂದು ತೆಳು ಗೆರೆಯಂತೆ ಮಾತ್ರ ಕಾಣುತ್ತದೆ. ರಸ್ತೆ ಕಟ್ಟುವವರಲ್ಲಿ ಇಂಥ ಸಂಕೋಚ ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಇರುವುದಿಲ್ಲ. ಕ್ಯೂಬ್ರಿಕ್ ನಿರ್ದೇಶನದ 1980ರ 'ದ ಶೈನಿಂಗ್' ಚಿತ್ರದ ಆರಂಭದಲ್ಲಿ ಆಕಾಶದಿಂದ ತೆಗೆದ, ಸರೋವರದ ಬದಿಯಲ್ಲಿ ಒಂಟಿ ಕಾರು ಸಾಗುವ ದೃಶ್ಯ ಈ ರಸ್ತೆಯದೇ.

ನಡೆಯುವವರಿಗೆ

ರಸ್ತೆಯ ಎತ್ತರದ ಬಿಂದು ಲೋಗನ್ ಪಾಸ್, 6,646 ಅಡಿ. ಚಳಿಗಾಲದಲ್ಲಿ ಅಲ್ಲಿ ಹಿಮ ಎಷ್ಟು ಬೀಳುತ್ತದೆಂದರೆ ವಸಂತದಲ್ಲಿ ತಿಂಗಳುಗಟ್ಟಲೆ ಯಂತ್ರಗಳಿಂದ ಅಗೆದು ತೆಗೆಯಬೇಕು. ಪೂರ್ತಿ ರಸ್ತೆ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈಯಲ್ಲಿ. ಅಕ್ಟೋಬರ್ ನಡುವಿಗೆ ಮತ್ತೆ ಮುಚ್ಚುತ್ತದೆ. ಅಂದರೆ ವರ್ಷದ ಜನಸಂದಣಿಯಲ್ಲಿ ಬಹುಪಾಲು ಎರಡು ಮೂರು ತಿಂಗಳಿಗೆ ಸೇರುತ್ತದೆ. ಬೆಳಿಗ್ಗೆ ಎಂಟಕ್ಕೆಲ್ಲ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. 2021ರಿಂದ ಕೆಲವು ವರ್ಷ ಬೇಸಿಗೆಯಲ್ಲಿ ಕಾರುಗಳಿಗೆ ಮುಂಗಡ ನೋಂದಣಿ ಬೇಕಿತ್ತು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವವರು ವಿಚಾರಿಸಿಕೊಂಡೇ ಹೊರಡಬೇಕು. ಸ್ವಂತ ಕಾರಿನ ತಲೆನೋವು ಬೇಡದವರಿಗೆ 1930ರ ದಶಕದ, ಮೇಲಿನ ಹೊದಿಕೆಯನ್ನು ಸುತ್ತಿಡಬಹುದಾದ ಕೆಂಪು ಬಸ್ಸುಗಳಿವೆ. ಅವು ದುರಸ್ತಿಯಾಗಿ ಈಗಲೂ ಓಡುತ್ತಿವೆ.

ಆದರೆ ರಸ್ತೆಯಿಂದ ಹಿಮನದಿ ಕಾಣುವುದು ಅಪರೂಪ. ಜ್ಯಾಕ್‌ಸನ್ ಹಿಮನದಿಯನ್ನು ದೂರದಿಂದ ತೋರಿಸುವ ಒಂದು ನಿಲುಗಡೆಯಿದೆ ಅಷ್ಟೆ. ಹತ್ತಿರದಿಂದ ನೋಡುವವರು ನಡೆಯಬೇಕು. ಉದ್ಯಾನದಲ್ಲಿ ಒಟ್ಟು 1,100 ಕಿ.ಮೀ.ಗೂ ಹೆಚ್ಚು ಕಾಲುದಾರಿಗಳಿವೆ. ಗ್ರಿನೆಲ್ ಹಿಮನದಿಗೆ ಮೆನಿ ಗ್ಲೇಸಿಯರ್ ಕಡೆಯಿಂದ ಹೋಗಿ ಬರಲು ಸುಮಾರು 17 ಕಿ.ಮೀ.; ಎರಡು ಸರೋವರಗಳನ್ನು ದೋಣಿಯಲ್ಲಿ ದಾಟಿದರೆ ನಡಿಗೆ ಕಡಿಮೆಯಾಗುತ್ತದೆ. ಕೆಳಗಿನ ಗ್ರಿನೆಲ್ ಸರೋವರದ ನೀರು ಹಾಲು ಬೆರೆಸಿದ ನೀಲಿ. ಹಿಮನದಿ ಬಂಡೆಯನ್ನು ಉಜ್ಜಿ ಮಾಡಿದ ಹಿಟ್ಟಿನಂಥ ಕಲ್ಲುಪುಡಿ ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ದಾರಿಯ ಕೊನೆಯ ಏರು ಹತ್ತಿ ಮೇಲೆ ಬಂದರೆ ಎದುರಿಗಿರುವುದು ಇನ್ನೊಂದು ಸರೋವರ. ಅದರಲ್ಲಿ ತೇಲುವ ಮಂಜುಗಡ್ಡೆಯ ಚೂರುಗಳು, ಆಚೆಯ ಗೋಡೆಗೆ ಒರಗಿಕೊಂಡ ಬೂದುಬಣ್ಣದ ಹಿಮ. ಹಲವರಿಗೆ ಇಷ್ಟೇ ಏನು ಎನ್ನಿಸುತ್ತದೆ. ಇದೇ ಜಾಗದ ಸುಮಾರು ನೂರು ವರ್ಷ ಹಿಂದಿನ ಚಿತ್ರಗಳಲ್ಲಿ ಆ ಸರೋವರವಿಲ್ಲ. ನೀರಿರುವ ಕಡೆಯೆಲ್ಲ ದಪ್ಪ ಮಂಜುಗಡ್ಡೆ ತುಂಬಿಕೊಂಡಿದೆ; ಈಗ ಮೇಲಿನ ಕಲ್ಲಿನ ಅಂಚಿನಲ್ಲಿ ಬೇರೆಯಾಗಿ ಕೂತಿರುವ ಸಾಲಮಾಂಡರ್ ಹಿಮನದಿ ಆಗ ಇದಕ್ಕೆ ಅಂಟಿಕೊಂಡೇ ಇತ್ತು. 1997ರಿಂದ ವಿಜ್ಞಾನಿಗಳು ಹಳೆಯ ಛಾಯಾಚಿತ್ರಕಾರರು ನಿಂತ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು, ಅದೇ ಕೋನದಿಂದ ಮತ್ತೆ ಚಿತ್ರ ತೆಗೆಯುತ್ತ ಬಂದಿದ್ದಾರೆ. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದವನಿಗೆ ಶೇಕಡಾವಾರು ಲೆಕ್ಕ ಬೇಕಾಗುವುದಿಲ್ಲ.

ಈ ದಾರಿಗಳಲ್ಲಿ ನಡೆಯುವವರು ಮಾತಾಡುತ್ತಲೋ, ಚಪ್ಪಾಳೆ ತಟ್ಟುತ್ತಲೋ ನಡೆಯಬೇಕು. ಸೊಂಟದಲ್ಲಿ ಮೆಣಸಿನ ಸಾರವನ್ನು ಎರಚುವ ಡಬ್ಬಿ ಇಟ್ಟುಕೊಳ್ಳಬೇಕು. ಉದ್ಯಾನದಲ್ಲಿ ಸುಮಾರು 300 ಗ್ರಿಜ್ಲಿ ಕರಡಿಗಳಿವೆ, ಕಪ್ಪು ಕರಡಿಗಳು ಇನ್ನೂ ಹೆಚ್ಚು. ಕರಡಿ, ತೋಳಗಳಿಂದ 100 ಗಜ ದೂರವಿರಬೇಕೆಂಬುದು ನಿಯಮ. ಈ ಎಚ್ಚರ ಹುಟ್ಟಿದ್ದು ಒಂದು ಕರಾಳ ರಾತ್ರಿಯಲ್ಲಿ. 1967ರ ಆಗಸ್ಟ್ 13ರ ಮಧ್ಯರಾತ್ರಿಯ ಬಳಿಕ ಒಂದಕ್ಕೊಂದು ಮೈಲಿಗಳ ದೂರದ ಎರಡು ಕಡೆ, ಎರಡು ಬೇರೆ ಬೇರೆ ಗ್ರಿಜ್ಲಿಗಳು ಬಯಲಲ್ಲಿ ಮಲಗಿದ್ದ ಇಬ್ಬರು ತರುಣಿಯರನ್ನು ಕೊಂದವು. ಇಬ್ಬರಿಗೂ ಹತ್ತೊಂಬತ್ತೇ ವರ್ಷ. ಉದ್ಯಾನ ಆರಂಭವಾದ 57 ವರ್ಷಗಳಲ್ಲಿ ಗ್ರಿಜ್ಲಿ ಮನುಷ್ಯನನ್ನು ಕೊಂದದ್ದು ಅದೇ ಮೊದಲು. ಎರಡೂ ಒಂದೇ ರಾತ್ರಿ ನಡೆದದ್ದು ಕಾಕತಾಳೀಯ, ಆದರೆ ಕಾರಣ ಒಂದೇ. ಗ್ರಾನೈಟ್ ಪಾರ್ಕ್ ತಂಗುಮನೆಯ ಹಿಂದೆ ಅಡುಗೆಮನೆಯ ಎಂಜಲನ್ನು ಚೆಲ್ಲುತ್ತಿದ್ದರು. ರಾತ್ರಿ ಅದನ್ನು ತಿನ್ನಲು ಬರುವ ಕರಡಿಗಳನ್ನು ನೋಡುವುದು ಅತಿಥಿಗಳಿಗೆ ಒಂದು ಮನರಂಜನೆಯಾಗಿತ್ತು. ಇನ್ನೊಂದು ಕಡೆಯ ಕರಡಿ ಆ ಬೇಸಿಗೆಯೆಲ್ಲ ಜನರ ಬುತ್ತಿಗೆ ಕೈಹಾಕುತ್ತಿತ್ತು. ಆಮೇಲೆ ಎಲ್ಲವೂ ಬದಲಾಯಿತು. ಒಯ್ದ ಕಸವನ್ನು ವಾಪಸು ತರಬೇಕು, ಆಹಾರವನ್ನು ಎತ್ತರದಲ್ಲಿ ಕಟ್ಟಬೇಕು, ಕರಡಿ ಕಂಡ ದಾರಿಯನ್ನು ಮುಚ್ಚಬೇಕು ಎಂಬ ಕಟ್ಟಳೆಗಳು ಬಂದವು.

ಲೋಗನ್ ಪಾಸಿನಲ್ಲಿ ಜನರ ಕಾಲಬುಡದಲ್ಲೇ ಮೇಯುವ ಬಿಳಿಯ ಬೆಟ್ಟದ ಮೇಕೆಗಳು ಕರಡಿಯ ಹೆದರಿಕೆಯಿಂದಲೇ ಮನುಷ್ಯರ ಹತ್ತಿರ ಬರುತ್ತವೆ ಎಂದು ಅಧ್ಯಯನವೊಂದು ಹೇಳಿದೆ. ಜನ ಇರುವಲ್ಲಿ ಕರಡಿ ಸುಳಿಯುವುದು ಕಡಿಮೆ. ಉಪ್ಪಿನ ಆಸೆಯೂ ಇದೆ. ಬೇಟೆಗೆ ಸಿಕ್ಕಿ ದಶಕಗಳ ಕಾಲ ಮರೆಯಾಗಿದ್ದ ತೋಳಗಳು ಯಾರೂ ತಂದು ಬಿಡದೆ ಕೆನಡಾದಿಂದ ತಾವೇ ನಡೆದು ಬಂದು 1986ರಲ್ಲಿ ಇಲ್ಲಿ ಮರಿ ಹಾಕಿದವು. ಪ್ರವಾಸಿಗರು ಯಾರೂ ಚಿತ್ರ ತೆಗೆಯದ ಒಂದು ಜೀವಿಯೂ ಇದೆ. ಕರಗಿದ ಹಿಮದ ಕೊರೆಯುವ ನೀರಿನಲ್ಲಿ, ಹಿಮದ ಅಂಚಿನಿಂದ ತುಸುವೇ ದೂರದಲ್ಲಿ ಬದುಕುವ ಸ್ಟೋನ್‌ಫ್ಲೈ ಜಾತಿಯ ಒಂದು ಪುಟ್ಟ ಕೀಟ ಅದು. ನೀರು ಸ್ವಲ್ಪ ಬೆಚ್ಚಗಾದರೂ ಅದಕ್ಕೆ ಉಳಿಗಾಲ ಕಷ್ಟ. ಹಿಮ ಹಿಂದೆ ಸರಿದಂತೆ ಅದು ಮೇಲೆ ಮೇಲೆ ಹೋಗುತ್ತಿದೆ. ಬೆಟ್ಟದ ತುದಿ ಬಂದ ಮೇಲೆ ಹೋಗಲು ಜಾಗವಿಲ್ಲ. 2019ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಉತ್ತರದಲ್ಲಿ ಕೆನಡಾದ ವಾಟರ್‌ಟನ್ ಉದ್ಯಾನವಿದೆ. 1932ರಲ್ಲಿ ಎರಡನ್ನೂ ಸೇರಿಸಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಶಾಂತಿ ಉದ್ಯಾನ ಎಂದು ಘೋಷಿಸಿದರು. 1995ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ತಾಣವಾಯಿತು. ಶಾಂತಿ ಉದ್ಯಾನದ ನಡುವೆಯೂ ಗಡಿರೇಖೆಯ ಉದ್ದಕ್ಕೂ 20 ಅಡಿ ಅಗಲಕ್ಕೆ ಮರ ಕಡಿದು ಬೋಳಾಗಿ ಇಟ್ಟಿದ್ದಾರೆ. ಬೆಟ್ಟದ ಮೇಲಿಂದ ನೋಡಿದರೆ ಕಾಡಿನ ತಲೆಗೆ ಬೈತಲೆ ತೆಗೆದ ಹಾಗೆ ಕಾಣುತ್ತದೆ. ಬ್ಲ್ಯಾಕ್‌ಫೀಟರ ಬಂಧುಬಳಗವನ್ನೂ ಇದೇ ಗೆರೆ ಎರಡು ದೇಶಗಳಿಗೆ ಹಂಚಿದೆ.

ಆ ಗೆರೆಯನ್ನು ದಾಟಿ ಒಂದು ಹಿಂಡು ವಾಪಸು ಬಂದ ಸಂಗತಿ ಇತ್ತೀಚಿನದು. 1870ರ ದಶಕದಲ್ಲಿ ಬೈಸನ್‌ಗಳು ಮುಗಿಯುತ್ತಿದ್ದಾಗ ಬ್ಲ್ಯಾಕ್‌ಫೀಟರ ನೆಲದಿಂದ ಕೆಲವು ಕರುಗಳನ್ನು ಪರ್ವತದ ಪಶ್ಚಿಮಕ್ಕೆ ಹೊಡೆದುಕೊಂಡು ಹೋಗಿ ಸಾಕಿದ್ದರು. ಅವುಗಳ ಸಂತತಿ ಬೆಳೆದು, 1907ರಿಂದ ಕೆನಡಾ ಸರ್ಕಾರಕ್ಕೆ ಮಾರಾಟವಾಗಿ, ಅಲ್ಲಿನ ಎಲ್ಕ್ ಐಲೆಂಡ್ ಉದ್ಯಾನದಲ್ಲಿ ಉಳಿಯಿತು. 2016ರಲ್ಲಿ ಅಲ್ಲಿಂದ 80ಕ್ಕೂ ಹೆಚ್ಚು ಕರುಗಳು ಲಾರಿಯಲ್ಲಿ ಬ್ಲ್ಯಾಕ್‌ಫೀಟರ ಮೀಸಲು ಪ್ರದೇಶಕ್ಕೆ ಬಂದವು. ಏಳು ವರ್ಷ ಬೇಲಿಯೊಳಗೆ ಬೆಳೆದ ಹಿಂಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೈಸನ್‌ಗಳನ್ನು 2023ರ ಜೂನ್‌ನಲ್ಲಿ ಚೀಫ್ ಮೌಂಟನ್ ಬುಡದಲ್ಲಿ ಬಿಟ್ಟರು. ಬೆಟ್ಟದ ಕಡೆಗೆ ಬೇಲಿಯಿಲ್ಲ. ಅವು ಮೇಯುತ್ತ ಗ್ಲೇಸಿಯರ್ ಉದ್ಯಾನದೊಳಗೆ ಹೋಗಬಹುದು, ಗಡಿ ದಾಟಿ ವಾಟರ್‌ಟನ್‌ಗೂ ಹೋಗಬಹುದು. 1910ರ ಗೆರೆಯ ಒಳಗೆ ಕಾಲಿಟ್ಟರೆ ಬ್ಲ್ಯಾಕ್‌ಫೀಟರು ಅವನ್ನು ಬೇಟೆಯಾಡುವಂತಿಲ್ಲ. ಹೊರಗೆ ಬಂದರೆ ಅವು ಅವರವೇ.